ಯಾರದೋ ಚಿತೆ, ಟಿವಿಯ ಫೈಲ್ ಶಾಟ್

2025ರ ಜನವರಿ 6, ಸೋಮವಾರ. ಕ್ಯಾತ್ಸಂದ್ರದ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದೆ. ಗೋಡೆ ಮೇಲಿನ ಟಿವಿಯಲ್ಲಿ ಎಚ್‌ಎಂಪಿವಿ ಗಲಾಟೆ. ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಆ ಸೋಂಕು ಇರೋದು ಅವತ್ತು ಗೊತ್ತಾಗಿತ್ತು. ಚೀನಾದ ಹೊಸ ವೈರಸ್ಸು ನಮ್ಮ ಬಾಗಿಲಿಗೇ ಬಂತು ಅನ್ನೋ ಧಾಟಿಯಲ್ಲಿ ಆಂಕರ್ ಕೂಗುತ್ತಿದ್ದರು. ಅದು ಹೊಸದಲ್ಲ, 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ್ದು. ಆ ಮಕ್ಕಳು ವಿದೇಶಕ್ಕೆ ಹೋಗಿ ಬಂದವರೂ ಅಲ್ಲ. ಅದಿರಲಿ. ಆಂಕರ್ ಹಿಂದೆ ಓಡುತ್ತಿದ್ದ ದೃಶ್ಯ ನಾಲ್ಕು ವರ್ಷ ಹಳೆಯದು. ಸಾಲು ಚಿತೆ. ಪಿಪಿಇ ಕಿಟ್ ಹಾಕಿಕೊಂಡವರು ಸ್ಟ್ರೆಚರ್ ತಳ್ಳಿಕೊಂಡು ಓಡೋದು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಫೈಲ್ ಶಾಟ್'.

ಎದುರಿಗೆ ಕೂತಿದ್ದ ಯಜಮಾನರೊಬ್ಬರು ಸಪ್ಲೈಯರ್ ಹುಡುಗನಿಗೆ, "ಏಯ್ ತಮ್ಮಾ, ಅದನ್ನ ತೆಗೆದು ಬೇರೆ ಏನಾದ್ರೂ ಹಾಕಪ್ಪ" ಅಂದರು. ಹುಡುಗ ಹಾಡಿನ ಚಾನೆಲ್ ಹಾಕಿದ. "ಯಾಕೆ ಯಜಮಾನ್ರೇ, ಬೇಜಾರಾಯ್ತಾ?" ಅಂತ ಸುಮ್ನೆ ಕೇಳಿದೆ. ಅವರು ನನ್ನ ಕಡೆ ನೋಡದೆ, "ನನ್ನ ತಮ್ಮನ್ನ ಹಿಂಗೇ ಸುಟ್ಟಿದ್ದು ಕಣಪ್ಪ. ನಂಗೆ ನೋಡಕ್ಕೆ ಬಿಡ್ಲಿಲ್ಲ. ಇವ್ರು ತೋರಿಸ್ತಾನೇ ಅವ್ರೆ" ಅಂದರು.

ನೋಡಲೇಬೇಕಿದ್ದವರಿಗೆ ಬಿಡಲಿಲ್ಲ, ಏನೇನೂ ಸಂಬಂಧ ಇಲ್ಲದವರಿಗೆ ಕಣ್ಣು ದಣಿಯೋವರೆಗೂ ತೋರಿಸಿದರು. ಆವತ್ತಿನಿಂದ ಇದು ತಲೆಯಲ್ಲಿ ಕೊರೀತಾ ಇದೆ. ಟಿವಿಯವರಿಗೆ ಮಾನ ಮರ್ಯಾದೆ ಇಲ್ಲ ಅಂತ ಬೈದು ಮುಗಿಸಬಹುದು, ಎಲ್ಲರೂ ಅದನ್ನೇ ಮಾಡ್ತೀವಿ. ಆದರೆ ತೋರಿಸಿದ್ದು ಜಾಸ್ತಿಯಾಯಿತು ಅಂತ ನನ್ನ ದೂರಲ್ಲ. ಈ ಸಂಕಟ ಯಾರದು, ಯಾಕಾಯಿತು ಅನ್ನೋ ಎರಡನ್ನೂ ಕಿತ್ತು ಹಾಕಿ, ಉಳಿದ ಅಳುವನ್ನಷ್ಟೇ ತೋರಿಸಿದರು. ಯಾರದು ಅಂತ ಗೊತ್ತಿಲ್ಲದ ಚಿತೆಯನ್ನ ಯಾವ ಸುದ್ದಿಯ ಹಿಂದೆ ಬೇಕಾದರೂ ಓಡಿಸಬಹುದಲ್ಲ.

ಮೊದಲು ಭಾಷೆ ನೋಡಿ. ರಣಕೇಕೆ, ಅಟ್ಟಹಾಸ, ಮರಣ ಮೃದಂಗ, ರುದ್ರತಾಂಡವ, ಹೆಮ್ಮಾರಿ, ಕಿಲ್ಲರ್. 2020-21ರಲ್ಲಿ ಕನ್ನಡ ಸುದ್ದಿ ನೋಡಿದವರಿಗೆ ಇವೆಲ್ಲ ಬಾಯಿಪಾಠ. ಜಿಲ್ಲೆಯಲ್ಲಿ ಪ್ರಕರಣ ನೂರು ದಾಟಿದರೆ ಕೊರೊನಾ 'ಶತಕ ಬಾರಿಸಿತು', ಇನ್ನೂರು ದಾಟಿದರೆ 'ದ್ವಿಶತಕ'. ಅರ್ಧ ಕ್ರಿಕೆಟ್ ಕಾಮೆಂಟರಿ, ಅರ್ಧ ಬಯಲಾಟ. ನಮ್ಮ ಕಡೆ ಮೂಡಲಪಾಯದಲ್ಲಿ ರಕ್ಕಸ ಬರೋದೇ ಹಾಗೆ, ತೆರೆ ಹಿಂದಿನಿಂದಲೇ ಕೇಕೆ ಹಾಕುತ್ತಾ, ಮುಂದೆ ಕೂತ ಮಕ್ಕಳು ಹೆದರಿ ಅಮ್ಮಂದಿರ ಸೆರಗಿಗೆ ಸೇರುವ ಹಾಗೆ. ಅಲ್ಲಿ ಅದು ಚೆಂದ, ಬೆಳಗಾಗೋ ಹೊತ್ತಿಗೆ ಆಟ ಮುಗಿಯುತ್ತೆ, ಬಣ್ಣ ತೊಳೆದುಕೊಂಡು ಅವರೇ ಪಕ್ಕದ ಅಂಗಡಿಯಲ್ಲಿ ಟೀ ಕುಡೀತಾರೆ.

ಸುದ್ದಿಯಲ್ಲಿ ರಕ್ಕಸನನ್ನ ತಂದರೆ ಆಗೋ ಅನಾಹುತ ವ್ಯಾಕರಣದ್ದು. 'ಕೊರೊನಾಗೆ ಮತ್ತೆ ಐವರು ಬಲಿ.' ಕೊಂದವರು ಯಾರು? ಕೊರೊನಾ. ಹಾಸಿಗೆ ಸಿಗದೆ ಸತ್ತವರೂ, ಆಂಬುಲೆನ್ಸ್ ಬರದೆ ಸತ್ತವರೂ, ನಾಲ್ಕು ಆಸ್ಪತ್ರೆ ಸುತ್ತಿ ಐದನೆಯದರ ಗೇಟಿನಲ್ಲಿ ಕಾರಿನೊಳಗೇ ಉಸಿರು ಬಿಟ್ಟವರೂ, ಎಲ್ಲರೂ ಕೊರೊನಾಗೇ ಬಲಿ. ರಕ್ಕಸ ಟೆಂಡರ್ ಕರೆಯಲ್ಲ, ಸಿಲಿಂಡರ್ ಲೆಕ್ಕ ಬರೆಯಲ್ಲ, ಖಾಲಿ ಹುದ್ದೆ ತುಂಬೋದು ಅವನ ಕೆಲಸ ಅಲ್ಲ. ಅವನನ್ನ ವಿಚಾರಣೆಗೆ ಕರೆಯೋಕೂ ಆಗಲ್ಲ. 'ಬಲಿ' ಅನ್ನೋ ಪದವನ್ನಂತೂ ಕೇಳಲೇಬೇಡಿ. ಮಾರಿಗೆ ಬಲಿ ಕೊಡ್ತೀವಿ, ಕೊಟ್ಟ ಮೇಲೆ ಲೆಕ್ಕ ಕೇಳ್ತೀವಾ?

ಒಂದೇ ಒಂದು ಸಲ ಈ ವಾಕ್ಯ ಜೋರಾಗಿ ಮುರಿದದ್ದು ನನಗೆ ನೆನಪಿದೆ. 2021ರ ಮೇ 2-3ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಗಂಟೆಯೊಳಗೆ 24 ಮಂದಿ ತೀರಿಕೊಂಡಾಗ. ತಲೆಬರಹದಲ್ಲಿ 'ಕೊರೊನಾಗೆ' ಹೋಗಿ 'ಆಕ್ಸಿಜನ್ ಇಲ್ಲದೆ' ಬಂತು. ಅಷ್ಟೇ ಬದಲಾವಣೆ. ಆದರೆ ಆ ಎರಡು ಪದ ಬಂದದ್ದೇ ತಡ, ಯಾರು ಕಳಿಸಬೇಕಿತ್ತು, ಯಾಕೆ ಕಳಿಸಲಿಲ್ಲ, ಯಾವ ಜಿಲ್ಲೆಯಿಂದ ಸಿಲಿಂಡರ್ ಬರಬೇಕಿತ್ತು ಅನ್ನೋ ಪ್ರಶ್ನೆ ತಾನಾಗೇ ಹುಟ್ಟಿತು. ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರೇ ಅಂತ ಸರ್ಕಾರ ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿ ನೋಡಿದ ಮೇಲೆ ಆ ಮೂರರ ಲೆಕ್ಕ ನಿಲ್ಲಲಿಲ್ಲ.

ಇನ್ನು ಪಿ ನಂಬರ್. ರಾಜ್ಯದ ಆರೋಗ್ಯ ಇಲಾಖೆ ಶುರುವಿನಲ್ಲಿ ಪ್ರತಿ ರೋಗಿಗೂ ಒಂದು ಪಿ ಸಂಖ್ಯೆ ಕೊಟ್ಟು ಬುಲೆಟಿನ್ ಹೊರಡಿಸುತ್ತಿತ್ತು. ಹೆಸರು ಹೇಳಬಾರದು, ಸರಿ, ಆ ಉದ್ದೇಶ ಒಳ್ಳೆಯದೇ. ಆದರೆ ಟಿವಿಗೆ ಹೋದ ಮೇಲೆ ಪಿ ಸಂಖ್ಯೆಗಳೇ ಪಾತ್ರಗಳಾದವು. ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಗೆ ಬಂತು, ಇವರು ಅಲ್ಲಿಗೆ ಹೋಗಿದ್ದರು, ಅವರ ಜತೆ ಊಟ ಮಾಡಿದ್ದರು, ಗ್ರಾಫಿಕ್ಸ್‌ನಲ್ಲಿ ಬಾಣದ ಗುರುತು, ಕೆಂಪು ಚುಕ್ಕೆ. ಟ್ರಾವೆಲ್ ಹಿಸ್ಟರಿ, ಪ್ರೈಮರಿ ಕಾಂಟ್ಯಾಕ್ಟ್, ಸೆಕೆಂಡರಿ ಕಾಂಟ್ಯಾಕ್ಟ್. ನಮ್ಮ ಹಳ್ಳಿಯಲ್ಲಿ ಮೂರನೇ ಕ್ಲಾಸು ಓದಿದ ಅಜ್ಜಿಯೂ 'ಪ್ರೈಮರಿ' ಅನ್ನೋದು ಕಲಿತುಬಿಟ್ಟರು. ಕೇಳಿದರೆ ಪೊಲೀಸ್ ಕೇಸಿನ ಹಾಗೇ ಇರುತ್ತಿತ್ತು. ಜ್ವರ ಬಂದವರು ಆರೋಪಿ.

ತುಮಕೂರು ಜಿಲ್ಲೆಯ ಮೊದಲ ಕೊರೊನಾ ಸಾವು 2020ರ ಮಾರ್ಚ್ 27ರಂದು, ಶಿರಾದ ಹಿರಿಯರೊಬ್ಬರದು. ದೆಹಲಿಗೆ ಹೋಗಿ ಬಂದಿದ್ದರು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ಯಾವ ರೈಲು, ಯಾರ ಪಕ್ಕ ಕೂತಿದ್ದರು, ಊರಿಗೆ ಬಂದ ಮೇಲೆ ಎಲ್ಲೆಲ್ಲಿ ಓಡಾಡಿದರು. ಸೋಂಕು ಹರಡೋದು ತಡೆಯೋಕೆ ಆರೋಗ್ಯ ಇಲಾಖೆ ಇದನ್ನ ಕೇಳಲೇಬೇಕಿತ್ತು. ಟಿವಿ ನೋಡುವ ನಮಗೆ ಅದು ಯಾಕೆ ಬೇಕಿತ್ತು? ಅವರ ಮನೆಯವರು ಹೇಗಿದ್ದಾರೆ ಅಂತ ಕೇಳಿದ ಒಂದು ವರದಿಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಗೌರಿಬಿದನೂರು ಊರಾಗಿ ಉಳಿಯಲಿಲ್ಲ, ಹಾಟ್‌ಸ್ಪಾಟ್ ಆಯಿತು.

ಆಮೇಲೆ ದೆಹಲಿಯ ನಿಜಾಮುದ್ದೀನ್. ಅಲ್ಲಿನ ತಬ್ಲೀಗಿ ಸಭೆ ಸುದ್ದಿಯಾದ ಮೇಲೆ ಒಂದು ಕಾಯಿಲೆಗೆ ಧರ್ಮ ಅಂಟಿಸಿದರು. ಇಲ್ಲಿ ಹಣ್ಣು ಮಾರೋ ಸಾಬರ ತಳ್ಳುಗಾಡಿಯನ್ನ ಬೀದಿಗೆ ಬಿಡಬಾರದು ಅನ್ನೋ ವಿಡಿಯೊಗಳು ವಾಟ್ಸಾಪಿನಲ್ಲಿ ಹರಿದಾಡಿದವು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಮುಸ್ಲಿಮರ ವಿರುದ್ಧ ಯಾರೂ ಮಾತಾಡಬಾರದು ಅಂತ ಎಚ್ಚರಿಕೆ ಕೊಡಬೇಕಾಯಿತು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಆ ಸಭೆಗೆ ಬಂದು ಕೇಸು ಹಾಕಿಸಿಕೊಂಡಿದ್ದ ವಿದೇಶಿಯರನ್ನ ಬಲಿಪಶು ಮಾಡಿದ ಹಾಗಿದೆ ಅಂತ ಹೇಳಿ, ಪತ್ರಿಕೆ ಟಿವಿಗಳ ದೊಡ್ಡ ಪ್ರಚಾರವನ್ನೂ ಎತ್ತಿ ಆಡಿತು. ಆ ತೀರ್ಪಿನ ಸುದ್ದಿಗೆ ಎಷ್ಟು ನಿಮಿಷ ಸಿಕ್ಕಿತು ಅಂತ ನೀವೇ ನೆನಪು ಮಾಡಿಕೊಳ್ಳಿ. ತಳ್ಳುಗಾಡಿಯವರು ಕಳೆದುಕೊಂಡ ಎರಡು ತಿಂಗಳ ವ್ಯಾಪಾರ ಮಹಾಮಾರಿಯ ಸಂಕಟದ ಲೆಕ್ಕಕ್ಕೆ ಬರುತ್ತೋ ಇಲ್ವೋ?

ಸತ್ತವರ ಪಟ್ಟಿಗೆ ಬರೋಣ. ಬುಲೆಟಿನ್ನಿನ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತಿತ್ತು. ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಲಕ್ಷಣ, ಮೊದಲೇ ಇದ್ದ ಕಾಯಿಲೆ, ದಾಖಲಾದ ದಿನ, ತೀರಿಕೊಂಡ ದಿನ. ಒಂದು ಜೀವಕ್ಕೆ ಒಂದು ಸಾಲು. ಅದರಲ್ಲೂ 'ಮೊದಲೇ ಇದ್ದ ಕಾಯಿಲೆ' ಅನ್ನೋ ಕಾಲಂ ನಮಗೆಲ್ಲ ದೊಡ್ಡ ಸಮಾಧಾನ ಕೊಡ್ತು. "ಶುಗರ್ ಇತ್ತಂತೆ." "ಬಿಪಿ ಇತ್ತಂತೆ." "ವಯಸ್ಸೂ ಆಗಿತ್ತು ಬಿಡಿ." ಈ 'ಬಿಡಿ' ಇದೆಯಲ್ಲ, ಅದನ್ನ ನಾನೂ ಎಷ್ಟೋ ಸಲ ಅಂದಿದ್ದೀನಿ. ಶುಗರ್ ಇರೋದು ಸಾಯೋಕೆ ಕಾರಣ ಅಲ್ಲ, ನಮ್ಮ ಮನೆಗಳಲ್ಲಿ ಶುಗರ್ ಮಾತ್ರೆ ನುಂಗಿಕೊಂಡೇ ಎಂಬತ್ತು ದಾಟಿದವರಿದ್ದಾರೆ. ನನಗೆ ಬರಲ್ಲ ಅಂತ ಧೈರ್ಯ ತಗೊಳ್ಳೋಕೆ ಸತ್ತವರ ಬಿಪಿ ಬೇಕಾಗಿತ್ತು, ಅಷ್ಟೇ.

ಅಂಕಿ ಜಾಸ್ತಿಯಾದಷ್ಟೂ ಮನಸ್ಸು ಮರಗಟ್ಟೋದಕ್ಕೆ ಸಂಶೋಧನೆಯ ಆಧಾರವೂ ಇದೆ. ಪಾಲ್ ಸ್ಲೋವಿಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಜತೆಗಾರರು 2007ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಜನರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದ್ದು. ಮಾಲಿ ದೇಶದ ರೋಕಿಯಾ ಎಂಬ ಒಬ್ಬಳೇ ಹುಡುಗಿಯ ಕಥೆ ಹೇಳಿದಾಗ ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನ ಹಸಿದಿದ್ದಾರೆ ಅಂತ ಅಂಕಿ ಅಂಶ ಕೊಟ್ಟಾಗ 1.14. ಹುಡುಗಿ ಮತ್ತು ಅಂಕಿ ಎರಡನ್ನೂ ಸೇರಿಸಿ ಹೇಳಿದಾಗ? ಇನ್ನೂ ಜಾಸ್ತಿ ಆಗಬೇಕಿತ್ತು ಅಲ್ವಾ, 1.43ಕ್ಕೆ ಇಳೀತು. ಅಂಕಿ ಪಕ್ಕಕ್ಕೆ ಬಂದ ಕೂಡಲೇ ಹುಡುಗಿಯೂ ಮಸುಕಾದಳು. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ ಐವತ್ತು ಸಾವಿರ ದಾಟಿ ಹೊಸ ಪ್ರಕರಣ ಬಂದವು. ಅವತ್ತು ಟಿವಿ ಪರದೆಯ ಎಡಗಡೆ ಅಳುವ ತಾಯಿ, ಬಲಗಡೆ ಓಡುವ ಅಂಕಿ, ಕೆಳಗೆ ಇನ್ನೆರಡು ಪಟ್ಟಿ. ನಮ್ಮ ಕಣ್ಣು ಯಾವುದನ್ನ ಹಿಡಿದುಕೊಳ್ಳಬೇಕಿತ್ತು?

ಹಾಗಂತ ಚಿತೆ ತೋರಿಸಲೇಬಾರದು ಅನ್ನೋರ ಜತೆ ನಾನಿಲ್ಲ. ಆ ವಾದ ಎಲ್ಲಿಗೆ ಹೋಗುತ್ತೆ ಅಂತ 2021ರ ಏಪ್ರಿಲ್‌ನಲ್ಲೇ ಕಂಡಿತು. ಲಖನೌದ ಒಂದು ಸ್ಮಶಾನದ ವಿಡಿಯೊ ಓಡಾಡಿದ ಮೇಲೆ ಅದರ ಸುತ್ತ ತಗಡಿನ ಗೋಡೆ ಎದ್ದಿತು. ಮುಚ್ಚಿಡೋರಿಗೂ 'ಸತ್ತವರ ಘನತೆ' ಅನ್ನೋ ಮಾತು ಬಹಳ ಅನುಕೂಲ. ದೆಹಲಿಯ ಚಿತೆಗಳ ಡ್ರೋನ್ ಚಿತ್ರ ತೆಗೆದ ರಾಯಿಟರ್ಸ್‌ನ ದಾನಿಶ್ ಸಿದ್ದಿಕಿ ಅವರನ್ನ ಎಷ್ಟು ಬೈದರು ನೆನಪಿದೆಯಾ? ಅವರು ಅದೇ ಜುಲೈನಲ್ಲಿ ಅಫ್ಗಾನಿಸ್ತಾನದಲ್ಲಿ ಕೆಲಸದ ಮೇಲಿದ್ದಾಗಲೇ ಸತ್ತರು, 2022ರಲ್ಲಿ ಸಹೋದ್ಯೋಗಿಗಳ ಜತೆ ಅವರಿಗೂ ಪುಲಿಟ್ಜರ್ ಬಂತು. ಆ ಚಿತ್ರ ಇಲ್ಲದಿದ್ದರೆ ಸಾವುಗಳನ್ನ ಅಂಕಿಯೊಳಗೇ ಹೂತು ಹಾಕೋದು ಸುಲಭ ಆಗುತ್ತಿತ್ತು. ನಮ್ಮ ಬಳ್ಳಾರಿಯದನ್ನೇ ತಗೊಳ್ಳಿ. 2020ರ ಜೂನ್ ಕೊನೆಯಲ್ಲಿ ಶವಗಳನ್ನ ಕಸದ ಮೂಟೆ ಹಾಗೆ ಗುಂಡಿಗೆ ಎಸೆಯೋ ವಿಡಿಯೊ ಬಂತು. ನೋಡೋಕಾಗಲ್ಲ, ಆದರೆ ಅದು ಬಂದದ್ದಕ್ಕೇ ಜಿಲ್ಲಾಡಳಿತ ಕ್ಷಮೆ ಕೇಳಿತು, ಸಿಬ್ಬಂದಿಯನ್ನ ಅಮಾನತು ಮಾಡಿತು.

ಆ ವಿಡಿಯೊದಲ್ಲಿ ಕ್ಯಾಮೆರಾ ಇದ್ದದ್ದು ಎಸೆಯುವವರ ಕಡೆಗೆ. ಆಸ್ಪತ್ರೆ ಗೇಟಿನಲ್ಲಿ ಮೈಕು ಹಿಡಿಯೋ ಕ್ಯಾಮೆರಾ ಇರೋದು ಅಳುವವರ ಕಡೆಗೆ. "ಅಮ್ಮಾ, ನಿಮಗೆ ಹೇಗೆ ಅನಿಸ್ತಿದೆ?" ಅಂತ ಕೇಳುತ್ತೆ. ಗಂಡನ್ನ ಕಳಕೊಂಡು ಅರ್ಧ ಗಂಟೆ ಆಗಿರೋ ಹೆಂಗಸಿಗೆ ಹೇಗೆ ಅನಿಸಬೇಕು? ಅದೂ ಯಾರನ್ನ ಕೇಳುತ್ತೆ ಅಂತ ಗಮನಿಸಿ. ಸರ್ಕಾರಿ ಆಸ್ಪತ್ರೆಯ ಕಾಂಪೌಂಡಿನಲ್ಲಿ ನೆಲದ ಮೇಲೆ ಕೂತವರನ್ನ. ದೊಡ್ಡ ಖಾಸಗಿ ಆಸ್ಪತ್ರೆಯ ಬೇಸ್‌ಮೆಂಟಿನಿಂದ ಕಾರಿನಲ್ಲಿ ಹೋಗೋರ ಅಳು ನಾವು ಒಂದು ಸಲವಾದರೂ ನೋಡಿದ್ದೀವಾ? ಅವರ ಸಾವು ಮಾರನೇ ದಿನ ಪೇಪರಿನಲ್ಲಿ ಹಾರ ಹಾಕಿದ ಫೋಟೊ ಸಮೇತ, ದುಡ್ಡು ಕೊಟ್ಟು, ಹೆಸರು ಊರು ಪೂರ್ತಿಯಾಗಿ ಬರುತ್ತೆ. ಬಡವರದು ಅಳು ಬರುತ್ತೆ, ಹೆಸರು ಬರಲ್ಲ.

ಇದಕ್ಕೆಲ್ಲ ಟಿಆರ್‌ಪಿ ಕಾರಣ ಅಂತೀವಿ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ತಮಾಷೆ ಗೊತ್ತಾಯಿತು. ಟಿಆರ್‌ಪಿ ಹಗರಣ ಬಯಲಾದ ಮೇಲೆ 2020ರ ಅಕ್ಟೋಬರ್‌ನಲ್ಲಿ, ಯಾವ ಚಾನೆಲ್ ಎಷ್ಟು ಜನ ನೋಡ್ತಾರೆ ಅಂತ ಅಳೆಯೋ ಬಾರ್ಕ್ ಸಂಸ್ಥೆ ಸುದ್ದಿ ಚಾನೆಲ್‌ಗಳ ವಾರದ ರೇಟಿಂಗ್ ಕೊಡೋದನ್ನೇ ನಿಲ್ಲಿಸಿತ್ತು, ಮತ್ತೆ ಶುರು ಮಾಡಿದ್ದು 2022ರ ಮಾರ್ಚ್‌ನಲ್ಲಿ. ಅಂದರೆ ಎರಡನೇ ಅಲೆಯ ಅಷ್ಟೂ ದಿನ, ಆ ರಣಕೇಕೆ ಮರಣ ಮೃದಂಗದ ಅಷ್ಟೂ ದಿನ, ವಾರದ ಟಿಆರ್‌ಪಿ ಅನ್ನೋದೇ ಹೊರಬರುತ್ತಿರಲಿಲ್ಲ. ಆದರೂ ದನಿ ಇಳೀಲಿಲ್ಲ. ಅದಕ್ಕೇ ನನಗೆ ಅನಿಸೋದು, ದುರಾಸೆಗಿಂತ ಇಲ್ಲಿ ಅಭ್ಯಾಸ ದೊಡ್ಡದು. ಹಾಗೆ ಕೂಗದೆ ಬೇರೆ ರೀತಿ ಹೇಳೋದು ಅವರಿಗೆ ಮರೆತೇ ಹೋಗಿತ್ತು.

ಇನ್ನೊಂದು ಕಾರಣ ಜೇಬಿನದು, ಅದು ಬೆಂಗಳೂರಿನ ಸ್ಟುಡಿಯೊದಲ್ಲಿಲ್ಲ, ತಾಲೂಕಿನಲ್ಲಿದೆ. ನನಗೆ ಪರಿಚಯದ ಸ್ಟ್ರಿಂಗರ್ ಒಬ್ಬರಿದ್ದಾರೆ, ಪಾವಗಡ ಕಡೆಯವರು. ಸಂಬಳ ಇಲ್ಲ, ಸ್ಟೋರಿಗೆ ಇಷ್ಟು ಅಂತ. ಪ್ರಸಾರ ಆದರೆ ದುಡ್ಡು, ಇಲ್ಲಾಂದ್ರೆ ಪೆಟ್ರೋಲೂ ಕೈಯಿಂದ. "ಅಣ್ಣ, ಡೆಸ್ಕಿನವರು ಕೇಳೋದು ಎರಡೇ. ವಿಷುವಲ್ ಐತಾ? ಅಳೋ ಬೈಟ್ ಐತಾ? ಆಸ್ಪತ್ರೇಲಿ ಡಾಕ್ಟ್ರು ಹುದ್ದೆ ಎಷ್ಟು ಖಾಲಿ ಐತೆ ಅಂತ ಮೂರು ದಿನ ಓಡಾಡಿ ಪಟ್ಟಿ ತಂದೆ, ವಿಷುವಲ್ ಇಲ್ಲ ಅಂತ ಬಿಟ್ರು" ಅಂದರು. ಖಾಲಿ ಕುರ್ಚಿ ಅಳಲ್ಲವಲ್ಲ.

ಇದೇ ಲೆಕ್ಕದಲ್ಲಿ ಯೋಚನೆ ಮಾಡಿದರೆ ಯಾವ ಸಂಕಟ ಸುದ್ದಿಯಾಯಿತು, ಯಾವುದು ಆಗಲಿಲ್ಲ ಅಂತ ಅರ್ಥ ಆಗುತ್ತೆ. ಲಾಕ್‌ಡೌನಿನಲ್ಲಿ ಕೋಲಾರದ ಟೊಮೆಟೊ ರಸ್ತೆಗೆ ಸುರಿದಾಗ ಕ್ಯಾಮೆರಾ ಬಂತು, ಕೆಂಪಗೆ ಚೆನ್ನಾಗಿ ಕಾಣುತ್ತೆ. ಚಿಕ್ಕಬಳ್ಳಾಪುರದ ಹೂವಿನ ತೋಟಕ್ಕೆ ಟ್ರ್ಯಾಕ್ಟರ್ ಹೊಡೆದಾಗಲೂ ಬಂತು. ಆ ಬೆಳೆಗೆ ಮಾಡಿದ ಸಾಲ ಮುಂದಿನ ಎರಡು ವರ್ಷ ಹೇಗೆ ಬೆಳೆಯಿತು ಅನ್ನೋದಕ್ಕೆ ಬಣ್ಣ ಇಲ್ಲ. ಆಶಾ ಕಾರ್ಯಕರ್ತೆಯರಿಗೆ ಆರತಿ ಎತ್ತಿದ್ದು, ಹೂ ಚೆಲ್ಲಿದ್ದು ಎಲ್ಲ ಚಾನೆಲ್ಲಿನಲ್ಲೂ ಬಂತು. ಅದೇ ಆಶಾಗಳು, ರಾಜ್ಯದ 42 ಸಾವಿರ ಮಂದಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ಕೆಲಸ ನಿಲ್ಲಿಸಿದಾಗ ಹೂ ಚೆಲ್ಲಿದವರು ಯಾರೂ ಕಾಣಲಿಲ್ಲ.

'ಮಾನವೀಯತೆ ಮೆರೆದರು' ಅನ್ನೋ ಸುದ್ದಿಗಳ ಬಗ್ಗೆಯೂ ನನಗೆ ಸ್ವಲ್ಪ ತಕರಾರಿದೆ. ಕೆಜಿಎಫ್‌ನ ಬಿಜಿಎಂಎಲ್ ಆಸ್ಪತ್ರೆ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಪಾಳು ಬಿದ್ದಿತ್ತು. 2021ರ ಮೇ ತಿಂಗಳಲ್ಲಿ ಸ್ವಯಂಸೇವಕರು ಸೇರಿ ಧೂಳು ಹೊಡೆದು, ಹಾಸಿಗೆ ಹಾಕಿ, ಕೆಲವೇ ವಾರಗಳಲ್ಲಿ ಅದನ್ನ ಕೋವಿಡ್ ಆಸ್ಪತ್ರೆ ಮಾಡಿದರು. ದೊಡ್ಡ ಕೆಲಸ, ಕೈ ಮುಗೀಬೇಕು. ಆದರೆ ಕೆಲವೇ ವಾರದಲ್ಲಿ ಎದ್ದು ನಿಲ್ಲಬಹುದಾಗಿದ್ದ ಆಸ್ಪತ್ರೆ ಇಪ್ಪತ್ತು ವರ್ಷ ಯಾಕೆ ಮಲಗಿತ್ತು? ಗಣಿ ಧೂಳು ಕುಡಿದು ಸಿಲಿಕೋಸಿಸ್‌ನಲ್ಲಿ ಕೆಮ್ಮುತ್ತಿದ್ದ ಮುದುಕರು ಅಷ್ಟು ವರ್ಷ ಎಲ್ಲಿಗೆ ಹೋಗಬೇಕಿತ್ತು? ಮೆಚ್ಚುಗೆಯ ಸುದ್ದಿಯಲ್ಲಿ ಇದನ್ನ ಕೇಳೋಕೆ ಜಾಗ ಇರಲ್ಲ, ಕೇಳಿದರೆ ಅಪಶಕುನ ನುಡಿದ ಹಾಗೆ.

ಈಗ ಕೊರೊನಾ ಸುದ್ದಿ ಅಂದರೆ ಕೋಟಿ ಲೆಕ್ಕ. ಕೋವಿಡ್ ಖರೀದಿಯ ಅಕ್ರಮದ ತನಿಖೆಗೆ ನೇಮಿಸಿದ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ 2024ರಲ್ಲಿ ಮಧ್ಯಂತರ ವರದಿ ಕೊಟ್ಟ ಮೇಲೆ ಪಿಪಿಇ ಕಿಟ್ ಎಷ್ಟಕ್ಕೆ ಕೊಂಡರು, ಯಾವ ಪಕ್ಷ ಏನಂದಿತು ಅನ್ನೋದೇ ಚರ್ಚೆ. ತನಿಖೆ ಆಗಲೇಬೇಕು. ಆ ಕಿಟ್ ಇಲ್ಲದೆ, ಹಾಸಿಗೆ ಇಲ್ಲದೆ ಹೋದವರು ಮಾತ್ರ ಈ ಚರ್ಚೆಯಲ್ಲೂ ಇಲ್ಲ.

ಬೇರೆ ರೀತಿ ಮಾಡೋಕೆ ಆಗುತ್ತಿತ್ತಾ? ಆಗುತ್ತಿತ್ತು, ಮಾಡಿದವರಿದ್ದಾರೆ. ಇಟಲಿಯ ಬೆರ್ಗಾಮೊದ ಸ್ಥಳೀಯ ಪತ್ರಿಕೆಯಲ್ಲಿ ಮಾಮೂಲಿಗೆ ಎರಡು ಮೂರು ಪುಟ ಇರುತ್ತಿದ್ದ ನಿಧನ ವಾರ್ತೆ 2020ರ ಮಾರ್ಚ್‌ನಲ್ಲಿ ಹತ್ತು ಪುಟಕ್ಕೆ ಹೋಯಿತು, ಪುಟ ತಿರುವಿ ಹಾಕಿದವರ ವಿಡಿಯೊವನ್ನ ಜಗತ್ತೇ ನೋಡಿತು. ಕಿರುಚಾಟ ಇಲ್ಲ, ಬರೀ ಹೆಸರು, ಫೋಟೊ. ಗುಜರಾತಿನಲ್ಲಿ 'ದಿವ್ಯ ಭಾಸ್ಕರ್' ಪತ್ರಿಕೆಯವರು ಮರಣ ಪ್ರಮಾಣಪತ್ರ ಎಣಿಸಿದರು. 2021ರ ಮಾರ್ಚ್ 1ರಿಂದ ಮೇ 10ರವರೆಗೆ 1.23 ಲಕ್ಷ ಪ್ರಮಾಣಪತ್ರ ಕೊಟ್ಟಿದ್ದಾರೆ, ಸರ್ಕಾರದ ಕೋವಿಡ್ ಲೆಕ್ಕ 4,218. ಎಲ್ಲ ಸಾವೂ ಕೋವಿಡ್‌ನದೇ ಅಲ್ಲ, ಆದರೂ ಆ ಅಂತರ ಸಾಕಲ್ಲ. ಮುಂದೆ 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2020 ಮತ್ತು 2021ರಲ್ಲಿ ಭಾರತದಲ್ಲಿ ಎಂದಿಗಿಂತ ಹೆಚ್ಚಾದ ಸಾವು 47 ಲಕ್ಷ ಅಂತ ಅಂದಾಜು ಮಾಡಿತು. ಆ ಎರಡು ವರ್ಷಕ್ಕೆ ಸರ್ಕಾರದ ಕೋವಿಡ್ ಸಾವಿನ ಲೆಕ್ಕ 4.8 ಲಕ್ಷ. ಕೇಂದ್ರ ಆ ಅಂದಾಜನ್ನ ಒಪ್ಪಲಿಲ್ಲ.

ಎಣಿಕೆ ಅನ್ನೋದು ಪಂಡಿತರ ಜಗಳ ಅಲ್ಲ. ಸುಪ್ರೀಂ ಕೋರ್ಟ್ ಒಪ್ಪಿದ 50,000 ರೂಪಾಯಿ ಪರಿಹಾರ, ಬಿಪಿಎಲ್ ಮನೆಗಳಿಗೆ ರಾಜ್ಯ ಸರ್ಕಾರ ಹೇಳಿದ 1 ಲಕ್ಷ, ಎರಡೂ ಸಿಗಬೇಕಾದರೆ ಸಾವು ಕೋವಿಡ್ ಲೆಕ್ಕಕ್ಕೆ ಸೇರಿರಬೇಕಿತ್ತು. ಟೆಸ್ಟ್ ಮಾಡಿಸೋ ಮೊದಲೇ ಮನೆಯಲ್ಲೇ ಹೋದವರು ಯಾವ ಪಟ್ಟಿಗೂ ಇಲ್ಲ. ಹೋಟೆಲಿನಲ್ಲಿ ಸಿಕ್ಕಿದ ಯಜಮಾನರ ತಮ್ಮನ ಹೆಂಡತಿಗೆ ದುಡ್ಡು ಬಂತಾ ಅಂತ ಕೇಳೋಕೆ ನನಗೆ ಅವತ್ತು ಹೊಳೆಯಲೂ ಇಲ್ಲ.

ನಮ್ಮಲ್ಲಿ ಎಣಿಸಿದವರು ಯಾರು ಅಂತ ಹುಡುಕಿದರೆ ನನಗೆ ಸಿಕ್ಕಿದ್ದು ಫ್ಲೆಕ್ಸ್ ಅಂಗಡಿ. 2021ರ ಜೂನ್‌ನಲ್ಲಿ ಲಾಕ್‌ಡೌನ್ ಸಡಿಲ ಆದ ಮೇಲೆ ತುಮಕೂರಿನಿಂದ ಗುಬ್ಬಿ ಕಡೆ ಹೋದರೆ ಪ್ರತಿ ಊರಿನ ಗೇಟಿನಲ್ಲೂ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಇತ್ತು. ಕೆಲವು ಕಡೆ ಒಂದೇ ಕಂಬಕ್ಕೆ ಮೂರು. ಹಾಲುತುಪ್ಪಕ್ಕೆ ನಾಲ್ಕು ಜನವೂ ಸೇರಲಾಗದೆ, ತಿಥಿಗೆ ಊಟ ಹಾಕಲಾಗದೆ ಇದ್ದವರು ಫ್ಲೆಕ್ಸಾದರೂ ಕಟ್ಟಿಸಿದ್ದರು. ಹೆಸರು, ಜನನ, ಮರಣ, ಯಾರ ಮಗ, ಯಾವ ಊರು, 'ಇಂತಿ ದುಃಖತಪ್ತರು' ಅಂತ ಕೆಳಗೆ ಹತ್ತು ಹೆಸರು. ಬುಲೆಟಿನ್ನಿನ ಕೋಷ್ಟಕದಲ್ಲಿ ಇಲ್ಲದ್ದೆಲ್ಲ ಆ ಆರಡಿ ನಾಲ್ಕಡಿಯಲ್ಲಿತ್ತು. ಪೇಪರಿನವರೂ ಟಿವಿಯವರೂ ಅದೇ ರಸ್ತೆಯಲ್ಲೇ ಓಡಾಡಿದ್ದು.

ಮೊನ್ನೆ ಇದನ್ನ ಬರೆಯೋ ಮುಂಚೆ ಗೊತ್ತಿದ್ದ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿ ಕೇಳಿದೆ. "ಆಗ ಅರ್ಧ ಶಟರ್ ಇಳಿಸಿಕೊಂಡೇ ಮಾಡಿದ್ದು ಸಾರ್, ಫೋಟೊ ಎಲ್ಲ ವಾಟ್ಸಾಪಿಗೇ ಬರೋದು. ಕೆಲವು ಫೋಟೊ ಮದುವೇದು, ಪಕ್ಕದವರನ್ನ ಕತ್ತರಿಸಿ ಹಾಕಬೇಕಿತ್ತು" ಅಂದರು. ಅಳಿಸಿಬಿಟ್ರಾ ಅಂದೆ. ಮೌಸ್ ಆಡಿಸಿ ಒಂದು ಫೋಲ್ಡರ್ ತೋರಿಸಿದರು. 'ಮೇ 21' ಅಂತ ಹೆಸರು. ತೆರೆದರೆ ಸಣ್ಣ ಸಣ್ಣ ಚೌಕದಲ್ಲಿ ಮುಖಗಳು, ಸ್ಕ್ರಾಲ್ ಮಾಡಿದಷ್ಟೂ ಇವೆ. ಯಾರಾದರೂ ಪೇಪರಿನವರು, ಟಿವಿಯವರು ಇದನ್ನ ಕೇಳಿಕೊಂಡು ಬಂದಿದ್ದರಾ ಅಂದೆ. "ಯಾರೂ ಇಲ್ಲ ಸಾರ್, ನೀವೇ ಮೊದಲು" ಅಂದವರು ಫೋಲ್ಡರ್ ಮುಚ್ಚಿ, ಅರ್ಧಕ್ಕೆ ಬಿಟ್ಟಿದ್ದ ಒಬ್ಬ ಮುಖಂಡರ ಹುಟ್ಟುಹಬ್ಬದ ಬ್ಯಾನರಿಗೆ ವಾಪಸ್ ಹೋದರು.